ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಇನ್ನೂ ಹಳೆಯ ಕಂಪನಿಯ ಹಿಡಿತದಲ್ಲಿದೆಯೇ? ಲಕ್ಷಣ ನೋಡಿ ಪತ್ತೆ ಹಚ್ಚುವ ಬಗೆ

ಬೆಂಗಳೂರಿನ ಎಸ್‌ಪಿ ರಸ್ತೆಯ ಅಂಗಡಿಗಳಲ್ಲಿ ಸಾಲಾಗಿ ಜೋಡಿಸಿಟ್ಟಿರುವ ಹಳೆಯ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೀಟ್‌ಬುಕ್‌ಗಳು ಸಾಮಾನ್ಯವಾಗಿ ಯಾವುದಾದರೊಂದು ಕಂಪನಿಯ ಮೇಜಿನಿಂದ ಇಳಿದು ಬಂದವು. ಲೀಸ್ ಅವಧಿ ಮುಗಿದ ಮೇಲೆ ಕಂಪನಿಗಳು ಇವನ್ನು ಲಾಟಿನ ಲೆಕ್ಕದಲ್ಲಿ ವಿಲೇವಾರಿ ಮಾಡುತ್ತವೆ, ಅವು ಕೈಯಿಂದ ಕೈಗೆ ದಾಟಿ ವಿದ್ಯಾರ್ಥಿಗಳಿಗೂ ಸಣ್ಣ ಕಚೇರಿಗಳಿಗೂ ತಲುಪುತ್ತವೆ. ಗಟ್ಟಿಮುಟ್ಟಾದ ಯಂತ್ರ ಕಡಿಮೆ ದುಡ್ಡಿಗೆ ಸಿಗುವುದರಿಂದ ಈ ವ್ಯವಹಾರದಲ್ಲಿ ತಪ್ಪೇನೂ ಇಲ್ಲ. ತೊಡಕು ಹುಟ್ಟುವುದು ಯಂತ್ರ ಮಾರಾಟವಾಗಿಯೂ ಕಂಪನಿಯ ಐಟಿ ವಿಭಾಗ ಅದನ್ನು ತನ್ನ ಪಟ್ಟಿಯಿಂದ ತೆಗೆಯದೆ ಬಿಟ್ಟಾಗ.

ಹಿಡಿತದಲ್ಲಿ ಎರಡು ಬಗೆ ಇದೆ. ಮೊದಲನೆಯದು ಡಿಸ್ಕಿನೊಳಗೇ ಇರುತ್ತದೆ. ಹಿಂದಿನವರು ಸೇರಿಸಿದ್ದ ಆಫೀಸ್ ಖಾತೆ, ನಿರ್ವಹಣೆಯ ತಂತ್ರಾಂಶ, ಪಾಲಿಸಿಗಳು ಅಂದರೆ ಯಂತ್ರದ ಮೇಲೆ ಹೇರಿದ ನಿಯಮಗಳು ಈ ಗುಂಪಿನವು, ಮತ್ತು ಡಿಸ್ಕನ್ನು ಪೂರ್ತಿ ಅಳಿಸಿದರೆ ಇವು ಹೋಗುತ್ತವೆ. ಎರಡನೆಯದು ಯಂತ್ರದ ಹೊರಗೆ, ಮೈಕ್ರೋಸಾಫ್ಟ್, ಆಪಲ್ ಅಥವಾ ಗೂಗಲ್‌ನ ಸರ್ವರ್‌ನಲ್ಲಿ, ಆ ಯಂತ್ರದ ಗುರುತಿನ ಎದುರು ಕಂಪನಿಯ ಹೆಸರು ದಾಖಲಾಗಿರುವಂಥದ್ದು. ಇದು ಎಷ್ಟು ಸಲ ಫಾರ್ಮ್ಯಾಟ್ ಮಾಡಿದರೂ ಹೋಗದು. ಆರ್‌ಸಿ ವರ್ಗಾವಣೆಯಾಗದ ಬೈಕಿಗೆ ಹೊಸ ಬಣ್ಣ ಹೊಡೆಸಿದ ಹಾಗಾಗುತ್ತದೆ. ಆದ್ದರಿಂದ ಕೆಳಗಿನ ಪ್ರತಿ ಲಕ್ಷಣದಲ್ಲೂ ಮೊದಲು ತಿಳಿಯಬೇಕಾದದ್ದು ಗುರುತು ಡಿಸ್ಕಿನೊಳಗಿದೆಯೋ ಹೊರಗಿದೆಯೋ ಎಂಬುದು.

ಪರೀಕ್ಷೆ ಮುಗಿಯುವವರೆಗೆ ಆ ಲ್ಯಾಪ್‌ಟಾಪಿನಲ್ಲಿ ಬ್ಯಾಂಕಿನ ವ್ಯವಹಾರ ಮಾಡಬೇಡಿ, ನಿಮ್ಮ ಮುಖ್ಯ ಇಮೇಲ್‌ಗೆ ಲಾಗಿನ್ ಆಗಬೇಡಿ. ನಿರ್ವಹಣೆಯಲ್ಲಿರುವ ಯಂತ್ರವನ್ನು ಕಂಪನಿಯವರು ದೂರದಿಂದಲೇ ಬೀಗ ಹಾಕಬಲ್ಲರು, ಪೂರ್ತಿ ಅಳಿಸಲೂಬಲ್ಲರು. ಈಗಾಗಲೇ ಬಳಸುತ್ತಿದ್ದರೆ ನಿಮ್ಮ ಕಡತಗಳ ಪ್ರತಿಯನ್ನು ಮೊದಲು ಹೊರಗಿನ ಡಿಸ್ಕಿಗೆ ತೆಗೆದುಕೊಳ್ಳಿ.

ಆನ್ ಮಾಡುವ ಮೊದಲೇ ಕಾಣುವ ಗುರುತುಗಳು

ಲ್ಯಾಪ್‌ಟಾಪನ್ನು ಮಗುಚಿ ತಳ ನೋಡಿ. ಬಾರ್‌ಕೋಡ್ ಇರುವ ಆಸ್ತಿ ಸಂಖ್ಯೆಯ ಚೀಟಿ, ಅಥವಾ ಅದನ್ನು ಕಿತ್ತ ಜಾಗದಲ್ಲಿ ಉಳಿದ, ಧೂಳು ಮೆತ್ತಿದ ಗೋಂದಿನ ಚೌಕ ಕಂಡರೆ ಅದು ಸಂಸ್ಥೆಯೊಂದರ ಯಂತ್ರವಾಗಿತ್ತು ಎಂದಷ್ಟೇ ಅರ್ಥ. ಅದು ದೋಷವಲ್ಲ. ಆದರೆ ತಯಾರಕರ ಸೀರಿಯಲ್ ನಂಬರನ್ನೇ ಕೆರೆದು ತೆಗೆದಿದ್ದರೆ ವ್ಯಾಪಾರವನ್ನು ಅಲ್ಲಿಗೇ ಬಿಡುವುದು ಒಳ್ಳೆಯದು. ನಂಬರಿದ್ದರೆ ಬರೆದುಕೊಳ್ಳಿ. ಆಮೇಲೆ ಬಯಾಸ್‌ನಲ್ಲಿ, ಅಂದರೆ ವಿಂಡೋಸ್‌ಗೂ ಮೊದಲು ಓಡುವ ಯಂತ್ರದ ಮೂಲ ತಂತ್ರಾಂಶದಲ್ಲಿ, ಕಾಣುವ ನಂಬರಿನ ಜೊತೆ ಹೋಲಿಸಬೇಕು. ಎರಡೂ ತಾಳೆಯಾಗದಿದ್ದರೆ ಮದರ್‌ಬೋರ್ಡ್ ಅಥವಾ ತಳದ ಕವಚ ಬದಲಾಗಿದೆ ಎಂದರ್ಥ, ಯಾಕೆ ಎಂದು ಮಾರುವವರು ಹೇಳಬೇಕು.

"ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ" ಎಂಬ ಸಾಲು ಎಲ್ಲೋ ಕಾಣುತ್ತಿದೆ

ಜನ ಹೆಚ್ಚು ಗಾಬರಿಯಾಗುವುದು ಇದನ್ನು ನೋಡಿ, ಆದರೆ ಇಷ್ಟರಿಂದಲೇ ಏನನ್ನೂ ತೀರ್ಮಾನಿಸಲಾಗದು. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಕೆಲವು ಆಯ್ಕೆಗಳನ್ನು ಸಂಸ್ಥೆ ನಿರ್ವಹಿಸುತ್ತಿದೆ ಎಂಬ ಸಾಲು ಬರಲು ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಬರೆದಿಡುವ ರಿಜಿಸ್ಟ್ರಿಯಲ್ಲಿ ಒಂದು ಪಾಲಿಸಿ ಬರೆದಿದ್ದರೆ ಸಾಕು, ಅದನ್ನು ಬರೆದವರು ಯಾರೆಂದು ವಿಂಡೋಸ್ ನೋಡುವುದಿಲ್ಲ. ಅಪ್‌ಡೇಟ್ ನಿಲ್ಲಿಸುವ, ವಿಂಡೋಸನ್ನು ಹಗುರ ಮಾಡುವ ಉಚಿತ ಸಾಧನಗಳು ಹೀಗೆ ಬರೆಯುತ್ತವೆ. ಮನೆಯ ಕಂಪ್ಯೂಟರಿನಲ್ಲೂ ಈ ಸಾಲು ಕಾಣಬಹುದು.

ಕ್ರೋಮ್ ಬ್ರೌಸರ್‌ನ ಮೆನುವಿನ ತಳದಲ್ಲಿ ಇದೇ ಮಾತು ಕಂಡರೆ ವಿಳಾಸಪಟ್ಟಿಯಲ್ಲಿ ಕ್ರೋಮ್, ಕೋಲನ್, ಎರಡು ಓರೆಗೀಟು, ನಂತರ ಪಾಲಿಸಿ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ. ತೆರೆಯುವ ಪುಟದಲ್ಲಿ ಯಾವ ನಿಯಮ ಜಾರಿಯಲ್ಲಿದೆ, ಅದು ಎಲ್ಲಿಂದ ಬಂತು ಎಂಬುದೆಲ್ಲ ಸಾಲುಸಾಲಾಗಿರುತ್ತದೆ. ಆಂಟಿವೈರಸ್ಸು ಹಾಕಿದ ಒಂದೇ ಒಂದು ಎಕ್ಸ್‌ಟೆನ್ಷನ್ ನಿಯಮ ಇದ್ದರೆ ಚಿಂತೆಯಿಲ್ಲ. ಯಾವುದೋ ಅಪರಿಚಿತ ಹುಡುಕುತಾಣವನ್ನು ಬಲವಂತವಾಗಿ ಕೂರಿಸುವ ನಿಯಮವಿದ್ದರೆ ಅದು ಕಂಪನಿಯ ಕೆಲಸವಲ್ಲ, ಕುತಂತ್ರಾಂಶದ ಕೆಲಸ ಎಂದು ಮೊದಲು ಶಂಕಿಸಬೇಕು. ಪಟ್ಟಿ ಉದ್ದವಾಗಿದ್ದು ಅದರಲ್ಲಿ ಕಂಪನಿಯ ಇಂಟರ್‌ನೆಟ್ ವಿಳಾಸಗಳು ಕಂಡರೆ ಮಾತ್ರ ಮುಂದಿನ ಹಂತಕ್ಕೆ ಹೋಗಿ.

ನಮ್ಮ ಮಾರುಕಟ್ಟೆಯಲ್ಲಿ ಸಾಕಷ್ಟು ಕಾಣುವ ಇನ್ನೊಂದು ಲಕ್ಷಣವಿದೆ. ಸೆಟ್ಟಿಂಗ್ಸ್‌ನ ಸಿಸ್ಟಮ್ ವಿಭಾಗದಲ್ಲಿ ಆಕ್ಟಿವೇಶನ್ ತೆರೆದಾಗ, ನಿಮ್ಮ ಸಂಸ್ಥೆಯ ಆಕ್ಟಿವೇಶನ್ ಸೇವೆಯ ಮೂಲಕ ವಿಂಡೋಸ್ ಸಕ್ರಿಯವಾಗಿದೆ ಎಂದು ಬರೆದಿರುತ್ತದೆ. ಇದು ಕೆಎಂಎಸ್ ಎಂಬ ಸಗಟು ಪರವಾನಗಿಯ ಪದ್ಧತಿ. ದೊಡ್ಡ ಸಂಸ್ಥೆಗಳು ತಮ್ಮದೇ ಸರ್ವರ್ ಇಟ್ಟುಕೊಂಡು ಹೀಗೆ ಸಕ್ರಿಯಗೊಳಿಸುತ್ತವೆ, ಅದರ ಮಾನ್ಯತೆ 180 ದಿನ, ಅಷ್ಟರೊಳಗೆ ಯಂತ್ರ ಮತ್ತೆ ಆ ಸರ್ವರನ್ನು ತಲುಪಬೇಕು. ಅಂಗಡಿಯವರು "ಫ್ರೆಶ್ ವಿಂಡೋಸ್ ಹಾಕಿದ್ದೀವಿ ಸರ್" ಎಂದು ಕೊಟ್ಟ ಯಂತ್ರದಲ್ಲಿ ಈ ಸಾಲಿದ್ದರೆ, ಯಾವುದೋ ಕಂಪನಿ ನಿಮ್ಮನ್ನು ನೋಡುತ್ತಿದೆ ಎನ್ನುವುದಕ್ಕಿಂತ, ಕಂಪನಿಯ ಸರ್ವರಿನಂತೆ ನಟಿಸುವ ಕಳ್ಳ ಆಕ್ಟಿವೇಟರ್ ಓಡಿಸಿದ್ದಾರೆ ಎನ್ನುವ ಸಾಧ್ಯತೆಯೇ ಹೆಚ್ಚು. ನನ್ನ ಅಭಿಪ್ರಾಯದಲ್ಲಿ ಇದು ಹಳೆಯ ಕಂಪನಿಯ ಹಿಡಿತಕ್ಕಿಂತ ಕೆಟ್ಟದ್ದು, ಏಕೆಂದರೆ ಅಂಥ ಆಕ್ಟಿವೇಟರ್‌ಗಳು ಕೆಲಸ ಮಾಡಲು ಸಾಮಾನ್ಯವಾಗಿ ಆಂಟಿವೈರಸ್ ನಿಲ್ಲಿಸಬೇಕಾಗುತ್ತದೆ, ಜೊತೆಗೆ ಇನ್ನೇನು ಒಳಬಂತೆಂದು ಯಾರಿಗೂ ಗೊತ್ತಿರುವುದಿಲ್ಲ. ಮೈಕ್ರೋಸಾಫ್ಟ್‌ನ ತಾಣದಿಂದ ಇಳಿಸಿಕೊಂಡ ವಿಂಡೋಸನ್ನು ಡಿಸ್ಕು ಅಳಿಸಿ ಹೊಸದಾಗಿ ಹಾಕುವುದೇ ಇದಕ್ಕೆ ಮದ್ದು.

ಸೆಟ್ಟಿಂಗ್ಸ್‌ನಲ್ಲಿ ಯಾವುದೋ ಆಫೀಸಿನ ಖಾತೆ ಉಳಿದಿದೆ

ಸೆಟ್ಟಿಂಗ್ಸ್, ಅಕೌಂಟ್ಸ್, ಆಮೇಲೆ ಆಕ್ಸೆಸ್ ವರ್ಕ್ ಆರ್ ಸ್ಕೂಲ್ ಎಂಬ ಪುಟಕ್ಕೆ ಹೋಗಿ. ಅಲ್ಲಿ ಏನೂ ಇಲ್ಲದಿದ್ದರೆ ಈಗ ಓಡುತ್ತಿರುವ ವಿಂಡೋಸ್ ಯಾವ ಸಂಸ್ಥೆಗೂ ಸೇರಿಲ್ಲ. ಖಾತೆಯಿದ್ದರೆ ಅದರ ಮೇಲೆ ಒತ್ತಿ. ಇನ್ಫೋ ಎಂಬ ಗುಂಡಿ ಕಂಡರೆ ಯಂತ್ರವು ಬರೀ ಇಮೇಲ್‌ಗಾಗಿ ಸೇರಿಲ್ಲ, ನಿರ್ವಹಣೆಗೇ ದಾಖಲಾಗಿದೆ ಎಂದು ತಿಳಿಯಬೇಕು.

ಇನ್ನೂ ಖಚಿತವಾಗಿ ತಿಳಿಯಲು ಕಮಾಂಡ್ ಪ್ರಾಂಪ್ಟ್ ತೆರೆದು ಡಿ, ಎಸ್, ಆರ್, ಇ, ಜಿ, ಸಿ, ಎಂ, ಡಿ ಎಂಬ ಎಂಟು ಇಂಗ್ಲಿಷ್ ಅಕ್ಷರಗಳನ್ನು ಜಾಗ ಬಿಡದೆ ಹೊಡೆದು, ಒಂದು ಜಾಗ ಬಿಟ್ಟು, ಓರೆಗೀಟಿಗೆ ಅಂಟಿಸಿ ಸ್ಟೇಟಸ್ ಎಂದು ಬರೆದು ಎಂಟರ್ ಒತ್ತಿ. ಇದು ಓದುವ ಆದೇಶ ಮಾತ್ರ, ಏನನ್ನೂ ಬದಲಿಸುವುದಿಲ್ಲ. ಉದ್ದದ ಉತ್ತರದಲ್ಲಿ ನೋಡಬೇಕಾದದ್ದು ಮೂರು ಸಾಲು. ಅಜೂರ್ ಎಡಿ ಜಾಯಿನ್ಡ್ ಎದುರು ಯೆಸ್ ಇದ್ದರೆ ಇಡೀ ಯಂತ್ರ ಸಂಸ್ಥೆಯ ಕ್ಲೌಡ್ ಪಟ್ಟಿಯಲ್ಲಿದೆ, ಕೆಳಗೆ ಟೆನೆಂಟ್ ನೇಮ್ ಎಂಬಲ್ಲಿ ಆ ಸಂಸ್ಥೆಯ ಹೆಸರೂ ಸಿಗುತ್ತದೆ. ಡೊಮೇನ್ ಜಾಯಿನ್ಡ್ ಎದುರು ಯೆಸ್ ಇದ್ದರೆ ಅದು ಕಂಪನಿಯ ಒಳಜಾಲಕ್ಕೆ ಸೇರಿದ್ದ ಹಳೆಯ ವಿಂಡೋಸ್. ಯಾರೋ ಡಿಸ್ಕು ಅಳಿಸದೆಯೇ ಮಾರಿದ್ದಾರೆ. ವರ್ಕ್‌ಪ್ಲೇಸ್ ಜಾಯಿನ್ಡ್ ಮಾತ್ರ ಯೆಸ್ ಆಗಿದ್ದರೆ ಸಂಬಂಧ ತೆಳುವಾದದ್ದು: ಸ್ವಂತ ಲ್ಯಾಪ್‌ಟಾಪಿನಲ್ಲಿ ಆಫೀಸಿನ ಟೀಮ್ಸ್ ಅಥವಾ ಔಟ್‌ಲುಕ್ ಹಾಕುವಾಗ, ಸಾಧನವನ್ನು ನಿರ್ವಹಿಸಲು ಸಂಸ್ಥೆಗೆ ಅನುಮತಿ ಕೊಡುವ ಚೌಕದ ಟಿಕ್ ತೆಗೆಯದೆ ಓಕೆ ಒತ್ತಿದವರಲ್ಲಿ ಹೀಗಾಗಿರುತ್ತದೆ. ಉತ್ತರದಲ್ಲಿ ಎಂಡಿಎಂ ಯುಆರ್‌ಎಲ್, ಅಂದರೆ ಸಾಧನಗಳನ್ನು ದೂರದಿಂದ ನಿರ್ವಹಿಸುವ ಸರ್ವರಿನ ವಿಳಾಸ, ಎಂಬ ಸಾಲೂ ಇರಬಹುದು. ಆ ವಿಳಾಸ ಕಂಡಿತೆಂದ ಮಾತ್ರಕ್ಕೆ ಯಂತ್ರ ನಿರ್ವಹಣೆಯಲ್ಲಿದೆ ಎನ್ನುವಂತಿಲ್ಲ.

ಲ್ಯಾಪ್‌ಟಾಪ್ ನಿಮ್ಮ ಸ್ವಂತದ್ದಾಗಿದ್ದು ಹಳೆಯ ನೌಕರಿಯ ಖಾತೆ ಉಳಿದುಕೊಂಡಿದ್ದರೆ ಅದೇ ಪುಟದಲ್ಲಿ ಡಿಸ್‌ಕನೆಕ್ಟ್ ಒತ್ತಬಹುದು. ಆದರೆ ಒಂದು ಎಚ್ಚರಿಕೆ ಇದೆ, ಇದನ್ನು ಕಡೆಗಣಿಸಿದವರು ತಮ್ಮದೇ ಯಂತ್ರದಿಂದ ಹೊರಗುಳಿದಿದ್ದಾರೆ. ನೀವು ದಿನವೂ ಲಾಗಿನ್ ಆಗುವುದೇ ಆ ಆಫೀಸ್ ಖಾತೆಯಿಂದ ಎಂದಾದರೆ, ಡಿಸ್‌ಕನೆಕ್ಟ್ ಮಾಡಿದ ಮೇಲೆ ಆ ಖಾತೆಯ ಬಾಗಿಲು ಮುಚ್ಚುತ್ತದೆ. ಆದ್ದರಿಂದ ಮೊದಲು ಅಡ್ಮಿನಿಸ್ಟ್ರೇಟರ್ ಅಧಿಕಾರವಿರುವ ಬೇರೊಂದು ಸ್ಥಳೀಯ ಖಾತೆ ತೆರೆದು, ಅದರಿಂದ ಒಮ್ಮೆ ಲಾಗಿನ್ ಆಗಿ ನೋಡಿ, ಡಿಸ್ಕಿನ ಮಾಹಿತಿಯನ್ನು ಗೂಢಲಿಪಿಯಲ್ಲಿಡುವ ಬಿಟ್‌ಲಾಕರ್‌ನ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಟ್ಟುಕೊಂಡು, ಕಡತಗಳ ಪ್ರತಿ ತೆಗೆದುಕೊಂಡು, ಆಮೇಲಷ್ಟೇ ಡಿಸ್‌ಕನೆಕ್ಟ್ ಮಾಡಬೇಕು. ಲ್ಯಾಪ್‌ಟಾಪ್ ಕಂಪನಿಯದೇ ಆಗಿದ್ದು ನೀವಿನ್ನೂ ಹಿಂತಿರುಗಿಸಿಲ್ಲವಾದರೆ ಆ ಗುಂಡಿಯನ್ನು ಮುಟ್ಟಬೇಡಿ, ಮೊದಲು ಐಟಿ ವಿಭಾಗಕ್ಕೆ ಬರೆಯಿರಿ.

ಎಲ್ಲವೂ ಚೆನ್ನಾಗಿತ್ತು, ರೀಸೆಟ್ ಮಾಡಿದೊಡನೆ ಕಂಪನಿಯ ಹೆಸರು ಬಂತು

ಕೊಂಡವರನ್ನು ನಿಜವಾಗಿ ಸಿಕ್ಕಿಸುವ ಲಕ್ಷಣ ಇದೇ. ವೈಫೈಗೆ ಸೇರಿಸಿದ ಕೆಲವೇ ಕ್ಷಣಗಳಲ್ಲಿ, ಯಾವುದೋ ಕಂಪನಿಯ ಹೆಸರಿನೊಂದಿಗೆ ಸ್ವಾಗತ ಕೋರಿ, ಆ ಕಂಪನಿಯ ಇಮೇಲ್ ಮತ್ತು ಪಾಸ್‌ವರ್ಡ್ ಕೇಳುವ ಪರದೆ ಬರುತ್ತದೆ. ಇದರ ಹಿಂದಿರುವುದು ಮೈಕ್ರೋಸಾಫ್ಟ್ 2017ರಲ್ಲಿ ತಂದ ವಿಂಡೋಸ್ ಆಟೋಪೈಲಟ್. ಕಂಪನಿಯೋ, ಅದಕ್ಕೆ ಯಂತ್ರ ಪೂರೈಸಿದ ಮಾರಾಟಗಾರರೋ ಯಂತ್ರದ ಬಿಡಿಭಾಗಗಳ ವಿವರದಿಂದ ತಯಾರಾದ ಹಾರ್ಡ್‌ವೇರ್ ಹ್ಯಾಶ್ ಎಂಬ ಗುರುತನ್ನು ಮೈಕ್ರೋಸಾಫ್ಟ್‌ನಲ್ಲಿ ದಾಖಲಿಸಿರುತ್ತಾರೆ. ಹೊಸ ವಿಂಡೋಸ್ ಮೊದಲ ಸಲ ಇಂಟರ್‌ನೆಟ್ ಕಂಡಾಗ ಆ ದಾಖಲೆಯನ್ನು ವಿಚಾರಿಸುತ್ತದೆ. ಎಸ್‌ಎಸ್‌ಡಿ ಬದಲಿಸಿದರೂ, ಬೇರೆ ಪೆನ್‌ಡ್ರೈವ್‌ನಿಂದ ವಿಂಡೋಸ್ ಹಾಕಿದರೂ ಆ ದಾಖಲೆ ಹಾಗೇ ಇರುತ್ತದೆ.

ಹಾಗಿದ್ದರೆ ಅಂಗಡಿಯಲ್ಲಿ ಇದು ಯಾಕೆ ಕಾಣಲಿಲ್ಲ? ಇಂಟರ್‌ನೆಟ್ ಇಲ್ಲದೆ ಆರಂಭದ ಹಂತಗಳನ್ನು ದಾಟಿಸಿ, ಸ್ಥಳೀಯ ಖಾತೆ ಮಾಡಿ ಕೊಟ್ಟರೆ ವಿಂಡೋಸ್ ವಿಚಾರಿಸುವ ಅವಕಾಶವೇ ಬರುವುದಿಲ್ಲ. ವಿಂಡೋಸ್ ಹೋಮ್ ಆವೃತ್ತಿಗೆ ಆಟೋಪೈಲಟ್ ಬೆಂಬಲವಿಲ್ಲ, ಆದ್ದರಿಂದ ಕಂಪನಿಯ ದರ್ಜೆಯ ಲ್ಯಾಪ್‌ಟಾಪಿನಲ್ಲಿ ಪ್ರೊ ಬದಲು ಹೋಮ್ ಇದ್ದರೆ ಅದನ್ನೂ ಒಂದು ಸಣ್ಣ ಸುಳಿವಾಗಿ ಗಮನಿಸಿ. ಹೀಗೆ ತಯಾರಾದ ಯಂತ್ರದಲ್ಲಿ ಹಿಂದಿನ ವಿಭಾಗದ ಎಲ್ಲ ಪರೀಕ್ಷೆಗಳೂ ನೋ ಎಂದೇ ಉತ್ತರಿಸುತ್ತವೆ, ತಿಂಗಳುಗಟ್ಟಲೆ ಯಾವ ತಕರಾರೂ ಇರುವುದಿಲ್ಲ; ಮುಂದೊಂದು ದಿನ ಡಿಸ್ಕು ಕೆಟ್ಟು ವಿಂಡೋಸ್ ಮತ್ತೆ ಹಾಕಿದಾಗ ವಿಷಯ ಹೊರಬರುತ್ತದೆ, ಅಷ್ಟರಲ್ಲಿ ಅಂಗಡಿಯ ವಾರಂಟಿ ಮುಗಿದಿರುತ್ತದೆ.

ಆದ್ದರಿಂದ ನಂಬಬಹುದಾದ ಪರೀಕ್ಷೆ ಒಂದೇ, ಅದನ್ನು ಹಣ ಕೊಡುವ ಮೊದಲೇ ಮಾಡಬೇಕು. ಸೆಟ್ಟಿಂಗ್ಸ್‌ನ ರಿಕವರಿ ಪುಟದಲ್ಲಿ ರೀಸೆಟ್ ದಿಸ್ ಪಿಸಿ ಆರಿಸಿ, ಎಲ್ಲವನ್ನೂ ಅಳಿಸಿ ಎಂದು ಹೇಳಿ, ಮರಳಿ ಆರಂಭವಾದಾಗ ನಿಮ್ಮ ಮೊಬೈಲಿನ ಹಾಟ್‌ಸ್ಪಾಟ್‌ಗೆ ಸೇರಿಸಿ ಕಾಯಿರಿ. ಅಂಗಡಿಯ ವೈಫೈ ಬಳಸಬೇಡಿ, ಅಲ್ಲಿ ಯಾವ ವಿಳಾಸಗಳಿಗೆ ತಡೆ ಹಾಕಿದ್ದಾರೋ ನಿಮಗೆ ಗೊತ್ತಿರುವುದಿಲ್ಲ. ವೈಯಕ್ತಿಕ ಬಳಕೆಯೋ ಸಂಸ್ಥೆಯ ಬಳಕೆಯೋ ಎಂದು ಕೇಳುವ ಸಾಮಾನ್ಯ ಪರದೆ ಬಂದರೆ ಯಂತ್ರಕ್ಕೆ ಆಟೋಪೈಲಟ್‌ನ ಯೋಜನೆ ಹಚ್ಚಿಲ್ಲ ಎಂದು ತಿಳಿಯಬಹುದು. ರೀಸೆಟ್‌ಗೆ ಅರ್ಧ ಗಂಟೆಯೂ ಹಿಡಿಯಬಹುದು, ಹಳೆಯ ಯಂತ್ರವಾದರೆ ಇನ್ನೂ ಹೆಚ್ಚು. "ಆಮೇಲೆ ನೋಡ್ಕೊಳ್ಳಿ, ಏನಾದ್ರೂ ಆದ್ರೆ ತನ್ನಿ" ಎನ್ನುವವರಿಂದ ಆ ಮಾತನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ಕಂಪನಿಯ ಹೆಸರು ಬಂದರೆ ಪರದೆಯ ಫೋಟೋ ತೆಗೆದುಕೊಂಡು ಅಲ್ಲಿಗೇ ನಿಲ್ಲಿಸಿ. ಆ ಪರದೆಯಲ್ಲಿ ನಿಮ್ಮ ಸ್ವಂತ ಆಫೀಸಿನ ಇಮೇಲ್ ಹಾಕಿ ನೋಡಬೇಡಿ. ದಾಟುವ ಉಪಾಯಗಳು ಹುಡುಕಿದರೆ ಸಿಗುತ್ತವೆ ನಿಜ, ಆದರೆ ಅವು ದಾಖಲೆಯನ್ನು ಅಳಿಸುವುದಿಲ್ಲ, ಮುಂದಿನ ರೀಸೆಟ್‌ವರೆಗೆ ಮುಚ್ಚಿಡುತ್ತವೆ ಅಷ್ಟೆ. ಮೇಲಾಗಿ ಯಂತ್ರ ಕಳವಿನದಾಗಿದ್ದರೆ, ಗೊತ್ತಿದ್ದೂ ಇಟ್ಟುಕೊಂಡಿರಿ ಎನ್ನುವುದಕ್ಕೆ ನೀವೇ ಸಾಕ್ಷಿ ಕೊಟ್ಟಂತಾಗುತ್ತದೆ.

ಮ್ಯಾಕ್‌ಬುಕ್ ಆರಂಭದಲ್ಲೇ ರಿಮೋಟ್ ಮ್ಯಾನೇಜ್‌ಮೆಂಟ್ ಎನ್ನುತ್ತಿದೆ

ಆಪಲ್‌ನಲ್ಲೂ ತತ್ವ ಅದೇ, ದಾಖಲೆ ಇರುವುದು ಸಂಸ್ಥೆಗಳು ತಮ್ಮ ಸಾಧನಗಳ ಪಟ್ಟಿ ಇಡುವ ಆಪಲ್ ಬಿಸಿನೆಸ್ ಮ್ಯಾನೇಜರ್ ಅಥವಾ ಆಪಲ್ ಸ್ಕೂಲ್ ಮ್ಯಾನೇಜರ್‌ನಲ್ಲಿ. ಓಡುತ್ತಿರುವ ಮ್ಯಾಕ್‌ನಲ್ಲಿ ಮೊದಲು ಸಿಸ್ಟಮ್ ಸೆಟ್ಟಿಂಗ್ಸ್ ನೋಡಿ: ಹೊಸ ಆವೃತ್ತಿಗಳಲ್ಲಿ ಜನರಲ್ ವಿಭಾಗದ ಡಿವೈಸ್ ಮ್ಯಾನೇಜ್‌ಮೆಂಟ್, ವೆಂಚುರಾ ಮತ್ತು ಸೊನೋಮಾಗಳಲ್ಲಿ ಪ್ರೈವಸಿ ಅಂಡ್ ಸೆಕ್ಯುರಿಟಿ ಕೆಳಗಿನ ಪ್ರೊಫೈಲ್ಸ್. ಆಮೇಲೆ ಟರ್ಮಿನಲ್‌ನಲ್ಲಿ ಪ್ರೊಫೈಲ್ಸ್, ಸ್ಟೇಟಸ್, ಹೈಫನ್ ಹಚ್ಚಿದ ಟೈಪ್, ಎನ್‌ರೋಲ್‌ಮೆಂಟ್ ಎಂಬ ನಾಲ್ಕು ಪದಗಳನ್ನು ಇಂಗ್ಲಿಷಿನಲ್ಲಿ ಇದೇ ಕ್ರಮದಲ್ಲಿ ಬರೆಯಿರಿ. ಕೊನೆಯ ಪದಕ್ಕೆ ಎರಡು ಎಲ್ ಬೇಕು, ಒಂದನ್ನೇ ಹಾಕಿದರೆ ಆದೇಶ ತಪ್ಪುತ್ತದೆ. ಉತ್ತರದ ಎರಡೂ ಸಾಲುಗಳಲ್ಲಿ ನೋ ಇದ್ದರೆ ಈಗಿನ ಮ್ಯಾಕ್ ಒಎಸ್ ನಿರ್ವಹಣೆಯಲ್ಲಿಲ್ಲ. ಅದೇ ಆದೇಶದ ಮೊದಲಿಗೆ ಸುಡೊ ಸೇರಿಸಿ, ಸ್ಟೇಟಸ್ ಬದಲು ಶೋ ಎಂದು ಬರೆದರೆ ಮ್ಯಾಕ್ ಆಪಲ್‌ನ ಸರ್ವರನ್ನೇ ವಿಚಾರಿಸುತ್ತದೆ, ದಾಖಲೆಯಿದ್ದರೆ ಸಂಸ್ಥೆಯ ಹೆಸರು ತೆರೆದಿಡುತ್ತದೆ.

ಇದರಲ್ಲೂ ಒಂದು ಸಂದಿಯಿದೆ. ಸಂಸ್ಥೆ ತನ್ನ ಪಟ್ಟಿಯಲ್ಲಿ ಮ್ಯಾಕನ್ನು ಇಟ್ಟುಕೊಂಡು ಯಾವ ನಿರ್ವಹಣಾ ಸರ್ವರ್‌ಗೂ ಹಚ್ಚದಿದ್ದರೆ ಈಗ ಏನೂ ಕಾಣುವುದಿಲ್ಲ, ನಾಳೆ ಹಚ್ಚಿದರೆ ಮುಂದಿನ ರೀಸೆಟ್‌ನಲ್ಲಿ ಕಾಣುತ್ತದೆ. ಹಾಗಾಗಿ ಬೆಲೆ ಹೆಚ್ಚಿರುವ ಮ್ಯಾಕ್‌ಗೆ ಪರೀಕ್ಷೆಯ ಜೊತೆಗೆ, ಸಂಸ್ಥೆ ಬಿಡುಗಡೆ ಮಾಡಿದೆ ಎನ್ನುವ ಕಾಗದವನ್ನೂ ಕೇಳುವುದು ಹೆಚ್ಚಲ್ಲ.

ಆಕ್ಟಿವೇಶನ್ ಲಾಕ್ ಬೇರೆಯ ವಿಷಯ. ಅರ್ಧ ಮುಚ್ಚಿದ ಇಮೇಲ್ ವಿಳಾಸ ತೋರಿಸಿ ಆಪಲ್ ಖಾತೆಯ ಪಾಸ್‌ವರ್ಡ್ ಕೇಳಿದರೆ, ಹಿಂದಿನ ಮಾಲೀಕರು ಕಳೆದ ಸಾಧನ ಹುಡುಕುವ ಫೈಂಡ್ ಮೈ ಸೌಲಭ್ಯವನ್ನು ನಿಲ್ಲಿಸದೆ ಮಾರಿದ್ದಾರೆ. ಅವರು ತಮ್ಮ ಖಾತೆಯಿಂದ ಆ ಸಾಧನವನ್ನು ತೆಗೆದುಹಾಕಿದರೆ ಸಮಸ್ಯೆ ಬಗೆಹರಿಯುತ್ತದೆ.

ಕ್ರೋಮ್‌ಬುಕ್‌ನಲ್ಲಿ ಕೆಲಸ ಸುಲಭ. ಲಾಗಿನ್ ಪರದೆಯಲ್ಲೇ ಈ ಸಾಧನವನ್ನು ಯಾರು ನಿರ್ವಹಿಸುತ್ತಿದ್ದಾರೆಂದು ಬರೆದಿರುತ್ತದೆ. ಎಲ್ಲವನ್ನೂ ಅಳಿಸುವ ಪವರ್‌ವಾಶ್ ಮಾಡಿದ ಮೇಲೂ ಎಂಟರ್‌ಪ್ರೈಸ್ ಎನ್‌ರೋಲ್‌ಮೆಂಟ್ ಪರದೆ ಮರಳಿ ಬಂದರೆ, ಆ ಶಾಲೆ ಅಥವಾ ಕಂಪನಿ ಗೂಗಲ್ ಅಡ್ಮಿನ್ ಕನ್ಸೋಲ್‌ನಿಂದ ತೆಗೆಯುವವರೆಗೆ ಅದು ನಿಮಗೆ ಉಪಯೋಗಕ್ಕಿಲ್ಲ.

ನೀಲಿ ಪರದೆಯಲ್ಲಿ 48 ಅಂಕಿಗಳ ಕೀ ಕೇಳುತ್ತಿದೆ

ಇದು ಬಿಟ್‌ಲಾಕರ್. ಡಿಸ್ಕಿನ ಮಾಹಿತಿ ಗೂಢಲಿಪಿಯಲ್ಲಿದೆ ಎಂಬುದಷ್ಟೇ ಇದರಿಂದ ಗೊತ್ತಾಗುವುದು. ವೈಯಕ್ತಿಕ ಮೈಕ್ರೋಸಾಫ್ಟ್ ಖಾತೆ ಬಳಸುವ ಮನೆಯ ಲ್ಯಾಪ್‌ಟಾಪಿನಲ್ಲೂ ಇದು ತಾನಾಗಿ ಚಾಲೂ ಆಗಿರಬಹುದು, ಬಯಾಸ್ ಬದಲಾವಣೆಯಾದಾಗ ಕೀ ಕೇಳಬಹುದು. ಆಗ ಕೀ ನಿಮ್ಮ ಖಾತೆಯ ಪುಟದಲ್ಲೇ ಇರುತ್ತದೆ. ಕೊಂಡ ಯಂತ್ರದಲ್ಲಿ ಇದು ಬಂದರೆ ಹಿಂದಿನವರ ಡಿಸ್ಕು ಅಳಿಸದೆ ಬಂದಿದೆ. ಒಳಗಿನ ಮಾಹಿತಿ ನಿಮ್ಮದಲ್ಲ, ತೆರೆಯುವ ಪ್ರಯತ್ನ ಬೇಡ; ಯಂತ್ರವನ್ನು ಮಾರಿದವರ ಮುಂದಿಡಿ.

ಬಯಾಸ್ ಪಾಸ್‌ವರ್ಡ್ ಕೇಳುತ್ತಿದೆ, ಅಥವಾ ಒಳಗೆ ಅಬ್ಸಲ್ಯೂಟ್ ಎಂಬ ಹೆಸರಿದೆ

ಯಂತ್ರ ಆನ್ ಮಾಡಿದೊಡನೆ ಡೆಲ್‌ನಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10, ಥಿಂಕ್‌ಪ್ಯಾಡ್‌ನಲ್ಲಿ ಎಫ್1 ಒತ್ತಿದರೆ ಬಯಾಸ್ ತೆರೆಯುತ್ತದೆ. ಅಲ್ಲಿ ಸೀರಿಯಲ್ ನಂಬರ್, ಆಸೆಟ್ ಟ್ಯಾಗ್, ಕೆಲವೊಮ್ಮೆ ಮಾಲೀಕ ಸಂಸ್ಥೆಯ ಹೆಸರೂ ಇರುತ್ತದೆ. ಸೂಪರ್‌ವೈಸರ್ ಅಥವಾ ಅಡ್ಮಿನ್ ಪಾಸ್‌ವರ್ಡ್ ಕೇಳಿದರೆ ಊಹಿಸುತ್ತಾ ಕೂರಬೇಡಿ. ಥಿಂಕ್‌ಪ್ಯಾಡ್‌ನ ಸೂಪರ್‌ವೈಸರ್ ಪಾಸ್‌ವರ್ಡ್ ಮರೆತರೆ ಲೆನೊವೊ ಹೇಳುವ ಪರಿಹಾರ ಮದರ್‌ಬೋರ್ಡ್ ಬದಲಿಸುವುದು, ಅದರ ಖರ್ಚು ಹಳೆಯ ಯಂತ್ರದ ಬೆಲೆಯನ್ನೇ ಮೀರಬಹುದು. ತಳ ಬಿಚ್ಚಿ ಚಿಪ್ಪಿನ ಕಾಲುಗಳನ್ನು ಜೋಡಿಸುವ ವಿಡಿಯೋಗಳನ್ನು ನಂಬಿ ಸ್ಕ್ರೂಡ್ರೈವರ್ ಹಿಡಿಯಬೇಡಿ. ಲಿಥಿಯಂ ಬ್ಯಾಟರಿಗೆ ತೂತು ಬಿದ್ದರೆ ಬೆಂಕಿ ಹತ್ತಬಹುದು.

ಸೆಕ್ಯುರಿಟಿ ವಿಭಾಗದಲ್ಲಿ ಅಬ್ಸಲ್ಯೂಟ್ ಅಥವಾ ಹಳೆಯ ಯಂತ್ರಗಳಲ್ಲಿ ಕಂಪ್ಯೂಟ್ರೇಸ್ ಎಂಬ ಸಾಲು ಇರುವುದೇ ದೋಷವಲ್ಲ. ಇದು ಕಳೆದ ಯಂತ್ರವನ್ನು ದೂರದಿಂದ ಪತ್ತೆ ಹಚ್ಚುವ, ಬೀಗ ಹಾಕುವ ಸೇವೆ. ಕಾರ್ಖಾನೆಯಿಂದಲೇ ಅದು ಮಲಗಿದ ಸ್ಥಿತಿಯಲ್ಲಿ ಬರುತ್ತದೆ. ಸ್ಥಿತಿ ಆಕ್ಟಿವೇಟೆಡ್ ಎಂದಿದ್ದರೆ ಮಾತ್ರ ಯಾರೋ ಚಂದಾದಾರರು ಅದನ್ನು ಎಬ್ಬಿಸಿದ್ದಾರೆ, ಮತ್ತು ವಿಂಡೋಸ್ ಹೊಸದಾಗಿ ಹಾಕಿದರೂ ಅದು ತನ್ನ ತಂತ್ರಾಂಶವನ್ನು ಮತ್ತೆ ಕೂರಿಸಿಕೊಳ್ಳಬಲ್ಲದು. ಅಲ್ಲಿನ ಆಯ್ಕೆಗಳನ್ನು ಕುತೂಹಲಕ್ಕೂ ಒತ್ತಬೇಡಿ. ಕೆಲವು ಯಂತ್ರಗಳಲ್ಲಿ ಒಮ್ಮೆ ಆರಿಸಿದ್ದನ್ನು ಮತ್ತೆ ಬದಲಿಸಲು ಬರುವುದಿಲ್ಲ. ಅದರ ಸೇವೆಯು ವಿಂಡೋಸ್‌ನಲ್ಲಿ ಆರ್‌ಪಿಸಿ ನೆಟ್ ಎಂಬ ಹೆಸರಿನಲ್ಲಿ ಓಡುತ್ತದೆ. ವಿಂಡೋಸ್‌ನದೇ ಆದ, ಇಲ್ಲದಿದ್ದರೆ ಯಂತ್ರವೇ ನಿಲ್ಲುವ ಆರ್‌ಪಿಸಿ ಸೇವೆಯ ಹೆಸರೂ ಹತ್ತಿರದ್ದೇ ಆದ್ದರಿಂದ ಗೊಂದಲ ಮಾಡಿಕೊಂಡು ಅದನ್ನು ನಿಲ್ಲಿಸಲು ಹೋಗಬೇಡಿ.

ಗುರುತು ಹೊರಗಿದೆ ಎಂದು ಖಚಿತವಾದ ಮೇಲೆ

ಮೊದಲು ಮಾರಿದವರ ಬಳಿ ಹೋಗಿ ಹಣ ವಾಪಸ್ ಕೇಳಿ ಅಥವಾ ಯಂತ್ರ ಬದಲಿಸಿಕೊಳ್ಳಿ. ವ್ಯವಸ್ಥಿತವಾಗಿ ವ್ಯಾಪಾರ ಮಾಡುವವರ ಬಳಿ ಲಾಟು ಯಾವ ಕಂಪನಿಯಿಂದ ಬಂತೆಂಬ ದಾಖಲೆ ಇರುತ್ತದೆ, ಅವರೇ ಬಿಡುಗಡೆ ಮಾಡಿಸಿ ಕೊಡಬಲ್ಲರು. ಜಿಎಸ್‌ಟಿ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಂಡಿದ್ದರೆ ವಾದಕ್ಕೆ ಬಲ ಬರುತ್ತದೆ. ಅವರು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಕಳೆದುಹೋದ ಮೊಬೈಲಿಗೆ ಐಎಂಇಐ ಸಂಖ್ಯೆ ಕೊಟ್ಟು ನೋಡುವಂಥ ಸೌಲಭ್ಯ ಸಾಮಾನ್ಯ ಲ್ಯಾಪ್‌ಟಾಪಿಗಿಲ್ಲ. ಆದ್ದರಿಂದ ಬಿಲ್ಲಿಲ್ಲದ, ಕಳವಿನದೆಂದು ಅನುಮಾನ ಬರುವ ಯಂತ್ರವನ್ನು ಹತ್ತಿರದ ಪೊಲೀಸ್ ಠಾಣೆಯ ಗಮನಕ್ಕೆ ತರುವುದೇ ಸುರಕ್ಷಿತ. ಕಳವಿನ ಮಾಲನ್ನು ತಿಳಿದೂ ಇಟ್ಟುಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಡಿ ಅಪರಾಧ.

ಕಂಪನಿಗೆ ನೀವೇ ಬರೆಯುವುದಾದರೆ ಅಲ್ಲಿ ಕೆಲಸ ಮಾಡುವ ಪರಿಚಯದ ಹುಡುಗನಿಗೆ ಗುಟ್ಟಾಗಿ ಹೇಳಿ ಮಾಡಿಸಬೇಡಿ, ಅವನ ನೌಕರಿಗೆ ಕುತ್ತು. ಐಟಿ ವಿಭಾಗದ ಅಧಿಕೃತ ಇಮೇಲ್‌ಗೆ ಸೀರಿಯಲ್ ನಂಬರ್, ಬಿಲ್ಲಿನ ಪ್ರತಿ, ಪರದೆಯ ಫೋಟೋ ಕಳಿಸಿ. ವಿಂಡೋಸ್ ಆದರೆ ಯಂತ್ರಗಳನ್ನು ನಿರ್ವಹಿಸುವ ಮೈಕ್ರೋಸಾಫ್ಟ್ ಸೇವೆಯಾದ ಇನ್‌ಟ್ಯೂನ್‌ನ ದಾಖಲೆಯನ್ನೂ ಆಟೋಪೈಲಟ್ ನೋಂದಣಿಯನ್ನೂ ಎರಡನ್ನೂ ತೆಗೆಯಬೇಕೆಂದು ಸ್ಪಷ್ಟವಾಗಿ ಕೇಳಿ, ಏಕೆಂದರೆ ಮೊದಲನೆಯದನ್ನು ಮಾತ್ರ ಅಳಿಸಿ ಕೆಲಸ ಮುಗಿಯಿತು ಎನ್ನುವ ಐಟಿಯವರಿದ್ದಾರೆ. ಮ್ಯಾಕ್ ಆದರೆ ಆಪಲ್ ಬಿಸಿನೆಸ್ ಮ್ಯಾನೇಜರ್‌ನಿಂದ ರಿಲೀಸ್ ಮಾಡಿ ಎಂದು ಕೇಳಬೇಕು. ತೆಗೆದಿದ್ದೇವೆ ಎಂಬ ಉತ್ತರ ಬಂದ ಮೇಲೆ, ಬದಲಾವಣೆ ಸರ್ವರ್‌ಗಳಿಗೆ ಹರಡಲು ಸ್ವಲ್ಪ ಸಮಯ ಬಿಟ್ಟು, ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಇನ್ನೊಮ್ಮೆ ಪೂರ್ತಿ ರೀಸೆಟ್ ಮಾಡಿ ನೋಡಿ, ಆ ಇಮೇಲನ್ನು ಬಿಲ್ಲಿನ ಜೊತೆಯಲ್ಲೇ ಇಟ್ಟುಕೊಳ್ಳಿ; ನೀವು ಮುಂದೆ ಯಂತ್ರ ಮಾರುವಾಗ ಕೊಳ್ಳುವವರು ಅದನ್ನು ಕೇಳಬಹುದು.